ಶಿರಾಡಿ ಘಾಟಿಯಲ್ಲಿ ಹತ್ತುವ ಕಡೆಗೆ ಮಾತ್ರ ಇನ್ನೊಂದು ಲೇನ್ ಹಾಕಿದರೆ ಸಾಕಾಗಲ್ವಾ?

ಮಲ್ನಾಡ್_ಹಾದಿ
ಬೆಂಗಳೂರು–ಮಂಗಳೂರು ಹೆದ್ದಾರಿ ನೋಡಿ: ಮೇಲೆ ಹಾಸನದಿಂದ ಮಾರನಹಳ್ಳಿವರೆಗೆ ಚತುಷ್ಪಥ, ಕೆಳಗೆ ಅಡ್ಡಹೊಳೆಯಿಂದ ಬಿ.ಸಿ.ರೋಡ್‌ವರೆಗೆ ಚತುಷ್ಪಥ. ನಡುವಿನ 26 ಕಿ.ಮೀ. ಘಾಟಿ ಮಾತ್ರ ಅದೇ ಎರಡು ಲೇನ್. ಎರಡೂ ತುದಿಯಲ್ಲಿ ರಸ್ತೆ ಅಗಲವಾದಷ್ಟೂ ಗಾಡಿಗಳು ಬೇಗ ಬಂದು ಘಾಟಿಯ ಬಾಯಲ್ಲಿ ಗುಂಪುಗಟ್ಟುತ್ತವೆ. ಶುಕ್ರವಾರ ರಾತ್ರಿ, ಭಾನುವಾರ ರಾತ್ರಿ ಸ್ಲೀಪರ್ ಬಸ್ಸಲ್ಲಿ ಓಡಾಡುವವರಿಗೆ ವಿವರಿಸಬೇಕಾಗಿಲ್ಲ.

ಸುರಂಗದ ಮಾತು ಹತ್ತು ವರ್ಷಕ್ಕೂ ಹಳೆಯದು. 23 ಕಿ.ಮೀ.ಗೂ ಉದ್ದದ ಸುರಂಗ–ಸೇತುವೆಗಳ ಸರಣಿ ಅಂದರು, ಜಪಾನಿನ ಸಾಲ ಅಂದರು. ಪ್ರತಿ ಸರ್ಕಾರವೂ ಒಂದು ಸಲ ಅದನ್ನ ಹೇಳಿ ಮುಂದೆ ಹೋಗ್ತದೆ. ಇಡೀ ಘಾಟಿ ಚತುಷ್ಪಥ ಮಾಡ್ತೀವಿ ಅಂದರೂ ಕಾಡು, ಹೊಳೆ, ಆನೆ ಎಲ್ಲದರ ಅನುಮತಿ ಬೇಕು.

ನನ್ನ ಪ್ರಶ್ನೆ ಅಷ್ಟು ದೊಡ್ಡದಲ್ಲ. ಮಂಗಳೂರಿಂದ ಮೇಲೆ ಬರುವ ಲಾರಿಗಳೇ ತುಂಬಿದ ಲೋಡಿನವು: ಬಂದರಿನ ಕಂಟೇನರ್, ಗ್ಯಾಸ್ ಬುಲೆಟ್ ಟ್ಯಾಂಕರ್, ಪಾಮ್ ಎಣ್ಣೆ, ಗೊಬ್ಬರ, ಕಲ್ಲಿದ್ದಲು. ಅವು ತೆವಳ್ತಾ ಇದ್ದರೆ ಹಿಂದಿನವರೆಲ್ಲ ತೆವಳಬೇಕು. ಕಡಿದಾದ ಏರು ಇರುವ ಕಡೆ ಮಾತ್ರ, ಹತ್ತುವ ದಿಕ್ಕಿಗೆ ಮಾತ್ರ ಅಲ್ಲಲ್ಲಿ ಮುಕ್ಕಾಲು–ಒಂದು ಕಿ.ಮೀ. ಕ್ಲೈಂಬಿಂಗ್ ಲೇನ್ ಕೊಟ್ಟರೆ? ಲಾರಿ ಎಡಕ್ಕೆ ಸರಿಯುತ್ತೆ, ಬಸ್ಸು–ಕಾರು ದಾಟುತ್ತವೆ. ಖರ್ಚು ಕಡಿಮೆ, ಕಾಡೂ ಕಡಿಮೆ ಹೋಗುತ್ತೆ. ಇದರಲ್ಲಿ ತಪ್ಪೇನಿದೆ ಅಂತ ತಿಳಿದವರು ಹೇಳಿ.

ಗುಂಡ್ಯ_ಚಾಯ
ತಪ್ಪೇನಿಲ್ಲ ಮಾರಾಯ್ರೆ, ಆದರೆ ನೀವು ಹೇಳುವ ರೋಗ ಬೇರೆ, ಮದ್ದು ಬೇರೆ. ಲಾರಿ ನಿಧಾನ ಹೋದದ್ದಕ್ಕೆ ಯಾರೂ ಘಾಟಿಯಲ್ಲಿ ಬೆಳಗು ಮಾಡಿದ್ದಿಲ್ಲ. ಲಾರಿ ನಿಂತದ್ದಕ್ಕೆ ಮಾಡಿದ್ದಾರೆ. ಒಂದು ಟ್ರೈಲರ್ ತಿರುವಿನಲ್ಲಿ ಕೆಟ್ಟು ನಿಲ್ತದೆ. ಹಿಂದಿನ ಕಾರಿನವ ಬಲಕ್ಕೆ ನುಗ್ಗುತ್ತಾನೆ, ಅವನ ಹಿಂದೆ ಬಸ್ಸು, ಬಸ್ಸಿನ ಹಿಂದೆ ಇನ್ನೊಂದು ಬಸ್ಸು. ಎದುರಿಂದ ಇಳಿಯುವವರೂ ಹಾಗೆಯೇ. ಹತ್ತು ನಿಮಿಷದಲ್ಲಿ ಎರಡು ಲೇನಿನಲ್ಲಿ ಮೂರು ಸಾಲು, ಆಮೇಲೆ ಕ್ರೇನ್ ಬರಲಿಕ್ಕೂ ದಾರಿ ಇಲ್ಲ. ಇದು ಸ್ಪೀಡಿನ ಸಮಸ್ಯೆಯಾ?

ಲೆವೆಲ್_ಬುಕ್
ಇಬ್ಬರ ಮಾತೂ ಲೆಕ್ಕಕ್ಕೆ ಸಿಗುತ್ತೆ. ಒಮ್ಮೆ ಹಾಕಿ ನೋಡೋಣ.

ಹತ್ತು ಗಾಲಿಯ ಲಾರಿ ತಗೊಳ್ಳಿ. 2018ರಲ್ಲಿ ಕೇಂದ್ರ ಆಕ್ಸಲ್ ತೂಕದ ಮಿತಿ ಏರಿಸಿದ ಮೇಲೆ ಅದರ ಒಟ್ಟು ತೂಕ 28.5 ಟನ್‌ವರೆಗೆ ಕಾನೂನುಬದ್ಧ. ಶೇ 6ರ ಏರು ಅಂದರೆ ನೂರು ಮೀಟರ್ ಹೋದರೆ ಆರು ಮೀಟರ್ ಹತ್ತೋದು. ನಮ್ಮ ಗುಡ್ಡಗಾಡು ರಸ್ತೆಗಳ ಮಾನದಂಡದಲ್ಲಿ ಕಡಿದಾದ ಪ್ರದೇಶಕ್ಕೆ ಸಾಮಾನ್ಯವಾಗಿ ಹಿಡಿಯೋದೇ ಶೇ 6. ಅನಿವಾರ್ಯವಾದರೆ 7, ತೀರಾ ವಿಶೇಷ ಸಂದರ್ಭದಲ್ಲಿ 8. ಶೇ 6ರ ಏರಲ್ಲಿ ಈ ಲಾರಿಯನ್ನ ಗುಡ್ಡ ಹಿಂದಕ್ಕೆ ಎಳೆಯೋ ಬಲ ಸುಮಾರು 1.7 ಟನ್, ಟೈರು ಉರುಳೋಕೆ ಬೇಕಾದ್ದು 0.3 ಟನ್, ಒಟ್ಟು 2 ಟನ್. ಎಂಜಿನ್ 200 ಎಚ್‌ಪಿ ಅಂತಿಟ್ಟುಕೊಳ್ಳಿ. ಗೇರ್‌ಬಾಕ್ಸ್, ಆಕ್ಸಲ್‌ಗೆ ಹೋಗೋದು ಹೋಗಿ ಚಕ್ರಕ್ಕೆ ಸಿಗೋದು 170ರ ಆಸುಪಾಸು. ಭಾಗಿಸಿದರೆ ವೇಗ ಗಂಟೆಗೆ 23 ಕಿ.ಮೀ. ಡ್ರೈವರ್ ಎಷ್ಟೇ ಚುರುಕಿರಲಿ, ಅದಕ್ಕಿಂತ ಮೇಲೆ ಹೋಗಲ್ಲ. 35 ಟನ್ ಹೇರಿದ್ದರೆ 19. ಅದೇ ಲಾರಿ ಶೇ 2ರ ಏರಲ್ಲಿ 50 ದಾಟುತ್ತೆ.

ಹೀಗಾಗಿ ಇಡೀ 26 ಕಿ.ಮೀ.ಗೆ ಹೆಚ್ಚುವರಿ ಲೇನ್ ಬೇಕಿಲ್ಲ ಅನ್ನೋದು ಸರಿ. ಕಡಿದಾದ ತುಂಡುಗಳಲ್ಲಿ ಮಾತ್ರ ಲಾರಿಗೂ ಕಾರಿಗೂ ಇಷ್ಟು ಅಂತರ ಬೀಳೋದು. ಅಮೆರಿಕದ ಹೆದ್ದಾರಿ ಮಾನದಂಡದಲ್ಲಿ ಎರಡು ಲೇನಿನ ರಸ್ತೆಗೆ ಕ್ಲೈಂಬಿಂಗ್ ಲೇನ್ ಕೊಡೋಕೆ ಮೂರು ಪರೀಕ್ಷೆ ಇವೆ. ಹತ್ತುವ ದಿಕ್ಕಲ್ಲಿ ಗಂಟೆಗೆ 200ಕ್ಕಿಂತ ಹೆಚ್ಚು ವಾಹನ, ಅದರಲ್ಲಿ 20ಕ್ಕಿಂತ ಹೆಚ್ಚು ಲಾರಿ, ಮೂರನೆಯದು ಲಾರಿಯ ವೇಗ ಏರಲ್ಲಿ 15 ಕಿ.ಮೀ. ಅಥವಾ ಅದಕ್ಕಿಂತ ಜಾಸ್ತಿ ಕುಸಿಯಬೇಕು, ಇಲ್ಲವೇ ದಟ್ಟಣೆ ತೀರಾ ಕೆಟ್ಟಿರಬೇಕು. ಶಿರಾಡಿಯ ರಾತ್ರಿ ಟ್ರಾಫಿಕ್‌ಗೆ ಈ ಪರೀಕ್ಷೆ ಆಟದ ಸಾಮಾನು.

ಇನ್ನು ಚಾಯದವರ ಮಾತಿಗೆ. ಹತ್ತು ಕಿ.ಮೀ. ಕಡಿದಾದ ಏರನ್ನ 45ರಲ್ಲಿ ಹೋಗೋ ಕಾರು 23ರಲ್ಲಿ ಹೋದರೆ ನಷ್ಟ 13 ನಿಮಿಷ. ಅಷ್ಟೇ. ಜನ ಬೈಯೋದು 13 ನಿಮಿಷಕ್ಕಲ್ಲ, ನಾಲ್ಕು ಗಂಟೆಗೆ. ಆ ನಾಲ್ಕು ಗಂಟೆ ಬರೋದು ಕೆಟ್ಟು ನಿಂತ ಗಾಡಿಯಿಂದ, ಮತ್ತೆ ಆ 13 ನಿಮಿಷ ತಡೆಯಲಾರದೆ ತಿರುವಲ್ಲಿ ಓವರ್‌ಟೇಕ್ ಮಾಡೋರಿಂದ.

ಹತ್ತು_ಗಾಲಿ
ಲೆಕ್ಕ ಮಾಡಿದ ಸಾರ್‌ಗೆ ನಮಸ್ಕಾರ. ನಾನು ಅರಸೀಕೆರೆ ಕಡೆಯವನು, ಲಾರಿ ಬಿಟ್ಟು ಈಗ ಮಗನ ಅಂಗಡೀಲಿ ಕೂತಿದೀನಿ. ಅದಿರಿನ ಕಾಲದಲ್ಲಿ ಇದೇ ಘಾಟಿಲಿ ಓಡಿಸಿದವನು. 2010ರಲ್ಲಿ ಸರ್ಕಾರ ಅದಿರು ರಫ್ತು ನಿಲ್ಲಿಸೋ ತನಕ ಬಳ್ಳಾರಿ ಕಡೆಯಿಂದ ಸಾಲು ಸಾಲು ಲಾರಿ ಬಂದರಿಗೆ ಇಳೀತಿದ್ವು. ರಸ್ತೆ ಅಂತ ಏನೂ ಉಳಿದಿರಲಿಲ್ಲ. ಈಗಿನ ಕಾಂಕ್ರೀಟ್ ನೋಡಿದ್ರೆ ನಮಗೆ ಅಳು ಬರುತ್ತೆ, ನಾವು ಓಡಿಸೋವಾಗ ಇದಿರಲಿಲ್ವಲ್ಲ ಅಂತ.

ಒಂದು ವಿಷಯ ಕಾರಿನವರಿಗೆ ಗೊತ್ತಿಲ್ಲ. ಲೋಡ್ ಗಾಡಿ ಏರಲ್ಲಿ ಒಂದ್ಸಲ ನಿಂತ್ರೆ ಮತ್ತೆ ಎತ್ತೋದು ಸುಲಭ ಅಲ್ಲ. ಫಸ್ಟ್ ಗೇರಲ್ಲಿ ಹಾಫ್ ಕ್ಲಚ್ ಹಿಡಿದು ಎತ್ತಬೇಕು, ಎರಡು ಸಲ ಹಾಗೆ ಮಾಡಿದ್ರೆ ಕ್ಲಚ್ ಪ್ಲೇಟ್ ವಾಸನೆ ಬರುತ್ತೆ. ಅದಕ್ಕೇ ನಾವು ಎಡಕ್ಕೆ ಒತ್ತಲ್ಲ, ಸೈಡ್ ಕೊಡಲ್ಲ ಅಂತ ಬೈಸ್ಕೋತೀವಿ. ಎಡಕ್ಕೆ ಒತ್ತಿದ್ರೆ ಮುಂದೆ ಯಾವನೋ ಬೈಕ್ ನಿಲ್ಲಿಸ್ಕೊಂಡು ಜಲಪಾತಕ್ಕೆ ಸೆಲ್ಫಿ ತೆಗೀತಿರ್ತಾನೆ. ಅವನಿಗೋಸ್ಕರ ನಾವು ನಿಂತ್ರೆ ಕತೆ ಮುಗೀತು.

ಕಾನೂನಲ್ಲೂ ಹತ್ತೋ ಗಾಡಿಗೇ ಮೊದಲು ದಾರಿ. ಇಕ್ಕಟ್ಟಾದ ಘಾಟಿಲಿ ಇಳಿಯೋನು ನಿಲ್ಬೇಕು. ಎಷ್ಟು ಜನ ಪಾಲಿಸ್ತಾರೆ?

ಲೇನ್ ಕೊಡಿ, ಸಂತೋಷ. ಅದರಲ್ಲಿ ಪಾರ್ಕಿಂಗ್ ಮಾಡಕ್ಕೆ ಬಿಡಬೇಡಿ. ಎಳನೀರು ಗಾಡಿ, ಜೋಳದ ಗಾಡಿ ಒಂದು ವಾರದಲ್ಲಿ ಬಂದು ನಿಲ್ತವೆ, ನೋಡ್ತಾ ಇರಿ.

ಪುಣೆ_ಪಯಣಿಗ
ಇದನ್ನು ಓದುವಾಗ ಬೋರ್ ಘಾಟ್ ನೆನಪಾಯಿತು. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ 2002ರಲ್ಲಿ ಪೂರ್ತಿಯಾದಾಗ ದೇಶದ ಮೊದಲ ಆರು ಲೇನಿನ ಕಾಂಕ್ರೀಟ್ ಎಕ್ಸ್‌ಪ್ರೆಸ್‌ವೇ ಅಂತ ಹೆಸರು. ಹತ್ತುವ ಕಡೆಗೆ ಮೂರು ಲೇನ್ ಇದ್ದೇ ಇದೆ. ಆದರೂ ಖೋಪೋಲಿಯಿಂದ ಖಂಡಾಲಾದವರೆಗೆ ಶನಿವಾರ ಬೆಳಿಗ್ಗೆ ಜಾಮ್. ಯಾಕೆ? ಎರಡು ಕಾರಣ.

ಒಂದು, ಅಲ್ಲಿ ಹಳೆಯ ಹೆದ್ದಾರಿಯ ವಾಹನಗಳೂ ಬಂದು ಎಕ್ಸ್‌ಪ್ರೆಸ್‌ವೇಗೆ ಸೇರಿಕೊಳ್ಳುತ್ತವೆ. ಎರಡು ರಸ್ತೆಯ ಹೊರೆ ಒಂದೇ ಏರಿನ ಮೇಲೆ. ಇನ್ನೊಂದು, ಮೂರು ಲೇನಿನಲ್ಲೂ ಲಾರಿ. 20ರಲ್ಲಿ ಹೋಗುವ ಲಾರಿಯನ್ನು 23ರಲ್ಲಿ ಹೋಗುವ ಲಾರಿ ಓವರ್‌ಟೇಕ್ ಮಾಡುತ್ತದೆ, ಅದನ್ನು 25ರದ್ದು. ಹಿಂದಿನವರು ಹಾರ್ನ್ ಹೊಡೆಯುತ್ತಾ ಇರಬೇಕು. ಅಲ್ಲಿ ಬ್ರಿಟಿಷರ ಕಾಲದ, 1830ರ ಅಮೃತಾಂಜನ್ ಸೇತುವೆಯ ಕಂಬಗಳ ನಡುವೆ ರಸ್ತೆ ಇಕ್ಕಟ್ಟಾಗುತ್ತಿತ್ತು. 2020ರ ಏಪ್ರಿಲ್‌ನಲ್ಲಿ ಲಾಕ್‌ಡೌನ್ ಸಮಯ ನೋಡಿಕೊಂಡು ಅದನ್ನು ಉರುಳಿಸಿದರು. ಆ ಜಾಗದ ಗೋಳು ಕಡಿಮೆಯಾಯಿತು, ಘಾಟಿನದ್ದು ಹಾಗೇ ಇತ್ತು. ಕೊನೆಗೆ ಕೈಹಾಕಿದ್ದು ಸುರಂಗ ಮತ್ತು ಎತ್ತರದ ಸೇತುವೆಗಳ ಹೊಸ ದಾರಿಗೆ, 19 ಕಿ.ಮೀ. ಅಂತರವನ್ನು 13 ಚಿಲ್ಲರೆಗೆ ಇಳಿಸುವ ‘ಮಿಸ್ಸಿಂಗ್ ಲಿಂಕ್’.

ಬೆಳಗಾವಿ–ಪುಣೆ ಓಡಾಡುವವರಿಗೆ ಖಂಬಾಟಕಿ ಘಾಟ್ ಗೊತ್ತು. ಅಲ್ಲಿ ಬೇರೆ ಉಪಾಯ: ಪುಣೆಯಿಂದ ಸಾತಾರಾಕ್ಕೆ ಹೋಗುವವರು ಘಾಟಿ ಹತ್ತುತ್ತಾರೆ, ಸಾತಾರಾದಿಂದ ಬರುವವರು ಸುರಂಗದಲ್ಲಿ ಬರುತ್ತಾರೆ. ಎದುರು ಗಾಡಿಯ ಭಯವೇ ಇಲ್ಲ. ಆದರೂ ಒಂದು ಟ್ರೈಲರ್ ಕೆಟ್ಟರೆ ಮೈಲಿಗಟ್ಟಲೆ ಸಾಲು. ಹಾಗಾಗಿ ಲೇನ್ ಕೊಡಿಸಿದಷ್ಟಕ್ಕೆ ಮುಗಿಯುವುದಿಲ್ಲ, ಭಾರೀ ವಾಹನ ಎಡ ಬಿಟ್ಟು ಕದಲಬಾರದು ಎನ್ನುವುದನ್ನು ಕ್ಯಾಮೆರಾ ಇಟ್ಟು ಪಾಲಿಸುವಂತೆ ಮಾಡಬೇಕು.

ಮಲ್ನಾಡ್_ಹಾದಿ
ಪುಣೆಯವರೇ, ನಮ್ಮಲ್ಲಿ ಹತ್ತುವ ಕಡೆಗೆ ಇರೋದೇ ಒಂದು ಲೇನ್. ಅದು ಎರಡಾದರೆ ಲಾರಿ ಲಾರಿಯನ್ನ ದಾಟೋಕೆ ಹೋಗೋದು ಇಲ್ಲೂ ಆಗುತ್ತೆ, ಒಪ್ಪುತ್ತೀನಿ. ಆದರೂ ಒಂದು ಲೇನಿಂದ ಎರಡಕ್ಕೆ ಹೋಗೋದಕ್ಕೂ ಎರಡರಿಂದ ಮೂರಕ್ಕೆ ಹೋಗೋದಕ್ಕೂ ವ್ಯತ್ಯಾಸ ಇದೆ. ಈಗ ಓವರ್‌ಟೇಕ್ ಅಂದರೆ ಎದುರಿನವರ ಲೇನಿಗೆ ನುಗ್ಗೋದೇ.

ದೋಣಿಗಾಲ್_ತೋಟ
ನೀವೆಲ್ಲ ರಸ್ತೆಯ ಮೇಲೆ ನಿಂತು ಮಾತಾಡ್ತಿದೀರಿ. ನಾವು ರಸ್ತೆಯ ಪಕ್ಕ ಬದುಕ್ತಿದೀವಿ. ‘ಬರೀ ಒಂದು ಲೇನ್’ ಅಂದರೆ ಮೂರೂವರೆ ಮೀಟರ್, ಅದಕ್ಕೆ ಚರಂಡಿ, ಅಂಚು ಸೇರಿ ಐದು. ಈ ಐದು ಮೀಟರ್ ಎಲ್ಲಿಂದ ತರ್ತೀರಿ? ಒಂದೋ ಗುಡ್ಡ ಕಡೀಬೇಕು, ಇಲ್ಲ ಕಣಿವೆ ಕಡೆ ತುಂಬಬೇಕು.

ಗುಡ್ಡ ಕಡಿಯೋದು ಅಂದ್ರೆ ಐದು ಮೀಟರ್‌ಗೆ ನಿಲ್ಲಲ್ಲ. ಕಡಿದಾದ ಇಳಿಜಾರಲ್ಲಿ ಬುಡದಲ್ಲಿ ಐದು ಮೀಟರ್ ಒಳಗೆ ಹೋದ್ರೆ, ಮೇಲೆ ಇಳಿಜಾರು ಸರಿಯಾಗಿ ಕೊಡೋಕೆ ಇಪ್ಪತ್ತು–ಮೂವತ್ತು ಮೀಟರ್ ಎತ್ತರದ ತನಕ ಕೆರೀಬೇಕು. ಅಷ್ಟು ಜಾಗ ವಶ ಮಾಡ್ಕೊಂಡಿರಲ್ಲ, ಹಾಗಾಗಿ ಗೋಡೆ ಥರ ನೆಟ್ಟಗೆ ಕಡೀತಾರೆ. ನಮ್ಮ ಮಣ್ಣು ಒಣಗಿದಾಗ ಕಲ್ಲಿನ ಥರ ನಿಲ್ಲುತ್ತೆ, ಆಷಾಢದ ಮಳೆ ಒಳಗೆ ಇಳಿದ ಮೇಲೆ ಅದಕ್ಕೆ ಹಿಡಿತವೇ ಇಲ್ಲ. 2024ರ ಜುಲೈಯಲ್ಲಿ ದೊಡ್ಡತಪ್ಪಲೆಯಲ್ಲಿ ಏನಾಯ್ತು? ಚತುಷ್ಪಥಕ್ಕೆ ಅಂತ ಕಡಿದ ಗುಡ್ಡವೇ ರಸ್ತೆಗೆ ಬಂತು, ತೆಗೆದಷ್ಟೂ ಮತ್ತೆ ಬಂತು. ನೆಟ್ಟಗೆ ಕಡಿದದ್ದೇ ಕಾರಣ ಅಂತ ಆಗ ಎಲ್ಲರೂ ಬೈದರು. ಅದೇ ತಿಂಗಳು ಎಡಕುಮರಿ–ಕಡಗರವಳ್ಳಿ ನಡುವೆ ರೈಲು ಹಳಿಯ ಕೆಳಗಿನ ಮಣ್ಣೂ ಜಾರಿ ರೈಲೂ ನಿಂತಿತು. ಬೆಂಗಳೂರಿಗೂ ಮಂಗಳೂರಿಗೂ ಒಟ್ಟಿಗೆ ಎರಡು ದಾರಿ ಬಂದ್.

ವರ್ಷದಲ್ಲಿ ಹತ್ತು ತಿಂಗಳು 13 ನಿಮಿಷ ಉಳಿಸೋಕೆ ಹೋಗಿ ಎರಡು ತಿಂಗಳು ರಸ್ತೆಯನ್ನೇ ಕಳ್ಕೊಳ್ಳೋ ಲೆಕ್ಕಾಚಾರ ಇದು.

ಗುಂಡ್ಯ_ಚಾಯ
ಕಣಿವೆ ಕಡೆ ತುಂಬಿದರೆ ಕೆಂಪುಹೊಳೆಗೆ ಮಣ್ಣು. ಆ ನೀರು ಕೆಳಗೆ ನಮ್ಮ ಕಡೆಗೇ ಬರ್ತದೆ.

ಬೇಕರ್ಸ್‌ಫೀಲ್ಡ್_ಕನ್ನಡಿಗ
ಕ್ಯಾಲಿಫೋರ್ನಿಯಾದಿಂದ ಒಂದು ಉದಾಹರಣೆ. ಲಾಸ್ ಏಂಜಲೀಸ್‌ನ ಉತ್ತರಕ್ಕೆ, ಐ–5 ಹೆದ್ದಾರಿಯಲ್ಲಿ ಗ್ರೇಪ್‌ವೈನ್ ಅಂತ ಒಂದು ಏರು ಇದೆ, ಶೇ 6, ಎಂಟು ಕಿ.ಮೀ.ಗೂ ಹೆಚ್ಚು ಉದ್ದ. ಪ್ರತಿ ದಿಕ್ಕಿಗೂ ನಾಲ್ಕು ಲೇನ್. ಲಾರಿಗಳು ಬಲಬದಿಯ ಲೇನ್‌ಗಳಲ್ಲೇ ಇರಬೇಕು, ನಮ್ಮ ಎಡ ಅಲ್ಲಿ ಬಲ. ಕಾರುಗಳು ಪಕ್ಕದಲ್ಲಿ 100ರಲ್ಲಿ ಹೋಗುತ್ತಿದ್ದರೂ ಲಾರಿಗಳು ಫ್ಲ್ಯಾಶರ್ ಹಾಕಿಕೊಂಡು 50ರಲ್ಲಿ ಶಿಸ್ತಾಗಿ ಹತ್ತುತ್ತವೆ. ಬೇಸಿಗೆಯಲ್ಲಿ ಎಂಜಿನ್ ಕಾಯದಿರಲೆಂದು ಏರಿನಲ್ಲಿ ಎ.ಸಿ. ಆರಿಸಿ ಅಂತ ಬೋರ್ಡು. ಇಳಿಯುವ ಕಡೆ ಬ್ರೇಕ್ ಹೋದ ಲಾರಿಗಳಿಗೆ ಜಲ್ಲಿ ತುಂಬಿದ ಪಕ್ಕದ ದಾರಿ. ನಮ್ಮ ಘಾಟಿಗಳಲ್ಲಿ ಆ ಜಲ್ಲಿ ದಾರಿಯ ಬಗ್ಗೆ ಯಾರೂ ಮಾತಾಡಿದ್ದು ಕೇಳಿಲ್ಲ.

ಹತ್ತು_ಗಾಲಿ
ನಾಲ್ಕು ಲೇನ್ ಇದ್ರೆ ನಾವೂ ಶಿಸ್ತಾಗೇ ಇರ್ತೀವಿ ಸ್ವಾಮಿ 😄

ಜಲ್ಲಿ ದಾರಿ ಮಾತು ಮಾತ್ರ ನಿಜ. ಹತ್ತೋನು ಕೆಟ್ಟರೆ ನಿಲ್ತಾನೆ, ಇಳಿಯೋನು ಕೆಟ್ಟರೆ ನಿಲ್ಲಲ್ಲ. ಡೀಸೆಲ್ ಉಳಿಸೋಕೆ ನ್ಯೂಟ್ರಲ್‌ನಲ್ಲಿ ಇಳಿಸೋ ಹುಡುಗರು ಈಗಲೂ ಇದಾರೆ. ಬ್ರೇಕ್ ಕಾದು ಹಿಡಿಯದೇ ಹೋದಾಗ ಅವರಿಗಿರೋದು ಎರಡೇ ಆಯ್ಕೆ, ಗುಡ್ಡಕ್ಕೆ ಗುದ್ದೋದು ಇಲ್ಲ ಮುಂದಿನ ಗಾಡಿಗೆ ಗುದ್ದೋದು.

ಲೆವೆಲ್_ಬುಕ್
ತೋಟದವರ ಆಕ್ಷೇಪವೇ ಇಲ್ಲಿ ಭಾರವಾದದ್ದು. ಅದಕ್ಕೆ ಉತ್ತರ ಇಲ್ಲದೆ ಲೇನಿನ ಮಾತು ಆಡಬಾರದು. ಗುಡ್ಡ ಕಡಿಯದೆ ಅಗಲ ಮಾಡೋಕೆ ದಾರಿ ಇದೆ. ಕಣಿವೆ ಕಡೆಗೆ ಕಂಬ ನಿಲ್ಲಿಸಿ ಅರ್ಧ ಸೇತುವೆ ಥರ ಲೇನನ್ನ ಹೊರಗೆ ಚಾಚಬಹುದು. ಮಣ್ಣು ತುಂಬೋದಿಲ್ಲ, ನೀರು ಕೆಳಗೆ ಹರಿದು ಹೋಗುತ್ತೆ. ಮೀಟರ್ ಲೆಕ್ಕದಲ್ಲಿ ದುಬಾರಿ. ಆದರೆ ನಾವು ಕೇಳ್ತಿರೋದು 26 ಕಿ.ಮೀ. ಅಲ್ಲವಲ್ಲ.

ಇನ್ನು ಲೇನ್ ಎಲ್ಲಿ ಶುರು, ಎಲ್ಲಿ ಮುಗಿಯುತ್ತೆ ಅನ್ನೋದರಲ್ಲೇ ಅರ್ಧ ಯಶಸ್ಸು. ಏರು ಶುರುವಾದ ಜಾಗದಲ್ಲೇ ಲೇನ್ ಶುರು ಮಾಡಬೇಕಿಲ್ಲ, ಲಾರಿ ವೇಗ ಕಳ್ಕೊಳ್ಳೋ ಜಾಗಕ್ಕಿಂತ ಸ್ವಲ್ಪ ಮೊದಲು ಸಾಕು. ಮುಗಿಸೋದು ಮಾತ್ರ ಏರಿನ ನೆತ್ತಿ ದಾಟಿ, ಲಾರಿ ಮತ್ತೆ ವೇಗ ಹಿಡಿದ ಮೇಲೆ. ಹಣ ಉಳಿಸೋಕೆ ಅಂತ ನೆತ್ತಿಗೆ ಮೊದಲೇ, ಅಥವಾ ತಿರುವಲ್ಲಿ ಮುಗಿಸಿದರೆ 20ರಲ್ಲಿರೋ ಲಾರಿ 60ರಲ್ಲಿರೋ ಬಸ್ಸಿನ ಮುಂದಕ್ಕೆ ಬಂದು ಬೀಳುತ್ತೆ. ಆಗ ಮೊದಲಿಗಿಂತ ಹೆಚ್ಚು ಅಪಘಾತ. ಸೇರೋ ಜಾಗ ಇನ್ನೂರು ಮುನ್ನೂರು ಮೀಟರ್ ಮುಂಚೆಯೇ ಎರಡೂ ಲೇನಿನವರಿಗೆ ಕಾಣಬೇಕು. ಶಿರಾಡಿಯಲ್ಲಿ ಅಷ್ಟು ನೇರ ಸಿಗೋದು ಕೆಲವೇ ಕಡೆ. ಹಾಗಾಗಿ ನಕ್ಷೆ ಹರಡಿ ನೋಡಿದರೆ ಒಳ್ಳೆ ಜಾಗಗಳು ತಾವಾಗೇ ಕಡಿಮೆ ಆಗ್ತವೆ.

ಸ್ವೀಡನ್‌ನವರು 1998ರಿಂದ ಮೂರು ಲೇನಿನ ರಸ್ತೆ ಮಾಡ್ತಿದ್ದಾರೆ. ನಡುವಿನ ಲೇನ್ ಒಂದೆರಡು ಕಿ.ಮೀ. ಒಂದು ದಿಕ್ಕಿನವರಿಗೆ, ಮುಂದಿನ ಒಂದೆರಡು ಕಿ.ಮೀ. ಇನ್ನೊಂದು ದಿಕ್ಕಿನವರಿಗೆ, ಮಧ್ಯೆ ಉಕ್ಕಿನ ಹಗ್ಗದ ಬೇಲಿ. ಎದುರುಬದುರು ಡಿಕ್ಕಿಯ ಸಾವು ದೊಡ್ಡ ಮಟ್ಟಿಗೆ ಇಳೀತು. ಆ ಬೇಲಿ ಇಲ್ಲದ ಮೂರು ಲೇನ್ ನಮ್ಮಲ್ಲಿ ಹಾಕಿದರೆ ಇಳಿಯೋರೂ ಅದನ್ನ ತಮ್ಮದೇ ಅಂದ್ಕೋತಾರೆ.

ಹಳಿ_ಪ್ರೇಮಿ
ಯಾರೂ ರೈಲಿನ ಮಾತು ಎತ್ತಲಿಲ್ಲ. ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ನಡುವಿನ 55 ಕಿ.ಮೀ.ನಲ್ಲಿ 57 ಸುರಂಗ, ಏರು 50ಕ್ಕೆ 1, ಅಂದರೆ ಶೇ 2. ಲಾರಿಗೆ ಶೇ 2 ಏನೂ ಅಲ್ಲ, ರೈಲಿಗೆ ಅದೇ ಕಡಿದು. ಹಾಗಾಗಿ ಗೂಡ್ಸ್‌ಗೆ ಹೆಚ್ಚುವರಿ ಎಂಜಿನ್ ಕಟ್ಟಿ ಹತ್ತಿಸುತ್ತಾರೆ. ಕೊಂಕಣ ರೈಲ್ವೆ 1999ರಿಂದ ಲಾರಿಗಳನ್ನೇ ವ್ಯಾಗನ್ ಮೇಲೆ ಹತ್ತಿಸಿ ಮಹಾರಾಷ್ಟ್ರದ ಕೋಲಾಡ್‌ನಿಂದ ಗೋವಾದ ವೆರ್ಣಾಕ್ಕೆ ಒಯ್ಯುತ್ತಿದೆ, ಆಮೇಲೆ ಸುರತ್ಕಲ್‌ವರೆಗೂ ಬಂತು. 2020ರಲ್ಲಿ ನೆಲಮಂಗಲದಿಂದ ಸೊಲ್ಲಾಪುರದ ಬಾಳೆಗೂ ಹಾಗೇ ಶುರು ಮಾಡಿದರು. ಘಾಟಿ ಲಾರಿಗಳಿಗೂ ಇದನ್ನ ಮಾಡಬಾರದಾ?

ಲೆವೆಲ್_ಬುಕ್
ಒಂದೇ ಹಳಿ, ನಿಧಾನದ ಸೆಕ್ಷನ್, ಈಗಿರೋ ಗೂಡ್ಸ್‌ಗೇ ಜಾಗ ಸಾಲಲ್ಲ. ಹಳೇ ಸುರಂಗದಲ್ಲಿ ವ್ಯಾಗನ್ ಮೇಲಿನ ಲಾರಿಯ ಎತ್ತರವೂ ಲೆಕ್ಕಕ್ಕೆ ಬರುತ್ತೆ. ಆದರೆ ಹೊರೆಯನ್ನ ರಸ್ತೆಯಿಂದ ಇಳಿಸಬಹುದು ಅನ್ನೋ ಮಾತಿಗೆ ಇಲ್ಲೇ ಸಾಕ್ಷಿ ಇದೆ: ಮಂಗಳೂರು–ಹಾಸನ–ಬೆಂಗಳೂರು ಪೆಟ್ರೋಲಿಯಂ ಪೈಪ್‌ಲೈನ್ 2003ರಿಂದ ಇದೆ, 360 ಕಿ.ಮೀ. ಚಿಲ್ಲರೆ. ಆ ಪೆಟ್ರೋಲು–ಡೀಸೆಲೆಲ್ಲ ಟ್ಯಾಂಕರಿನಲ್ಲಿ ಘಾಟಿ ಹತ್ತಬೇಕಿದ್ದರೆ ನಾವು ಈ ಮಾತುಕತೆಯನ್ನ ಇಪ್ಪತ್ತು ವರ್ಷದ ಹಿಂದೆಯೇ ಮಾಡ್ತಿದ್ವಿ.

ರಾತ್ರಿ_ಬಸ್ಸು
ಕೆಲಸ ಶುರು ಮಾಡಿದರೆ ಘಾಟಿ ಮುಚ್ತಾರಾ? 2015ರಲ್ಲಿ ಹೆಗ್ಗದ್ದೆ–ಕೆಂಪುಹೊಳೆ ಕಾಂಕ್ರೀಟ್ ಅಂತ ತಿಂಗಳುಗಟ್ಟಲೆ ಮುಚ್ಚಿದರು, 2018ರಲ್ಲಿ ಕೆಳಗಿನ ಭಾಗಕ್ಕೆ ಮತ್ತೆ ಮುಚ್ಚಿದರು. ಚಾರ್ಮಾಡಿ ತಿರುವುಗಳಲ್ಲಿ ವಾಂತಿ ಮಾಡಿಕೊಂಡು ಊರಿಗೆ ಹೋದವರಲ್ಲಿ ನಾನೂ ಒಬ್ಬ. ಶಿರಾಡಿಯನ್ನ ರಿಪೇರಿ ಮುಗಿಸಿ ತೆರೆದ ತಿಂಗಳೊಳಗೆ, 2018ರ ಆಗಸ್ಟ್ ಮಳೆಗೆ ಮತ್ತೆ ಗುಡ್ಡ ಕುಸಿದು ಬಂದ್.

ದೋಣಿಗಾಲ್_ತೋಟ
ಈಗ ಚಾರ್ಮಾಡಿಯಲ್ಲಿ ಭಾರೀ ಗಾಡಿ ಬಿಡಲ್ಲ, ಆಗುಂಬೆಯಲ್ಲಂತೂ ಮೊದಲಿಂದಲೂ ಇಲ್ಲ. ಶಿರಾಡಿ ಮುಚ್ಚಿದರೆ ಲಾರಿಗಳಿಗೆ ಹತ್ತಿರದಲ್ಲಿ ಉಳಿಯೋದು ಸಂಪಾಜೆ. ಅದೂ 2018ರಲ್ಲಿ ಕುಸಿದದ್ದೇ.

ಮಲ್ನಾಡ್_ಹಾದಿ
ಇಷ್ಟು ಓದಿದ ಮೇಲೆ ನನ್ನ ಬೇಡಿಕೆಯನ್ನ ಹೀಗೆ ತಿದ್ದಿ ಬರೆಯೋಣ ಅಂತಿದೀನಿ. ಉದ್ದದ ಲೇನ್ ಕೇಳೋದು ಬೇಡ. ಈಗಾಗಲೇ ರಸ್ತೆ ಪಕ್ಕ ಅಗಲ ಜಾಗ ಇರುವ ಕಡೆ, ಗುಡ್ಡ ಮುಟ್ಟದೆ, ಹತ್ತುವ ದಿಕ್ಕಿಗೆ ಲಾರಿ ನಿಲ್ಲುವಷ್ಟು ಕಾಂಕ್ರೀಟ್ ‘ಬೇ’ಗಳು, ಅಂದರೆ ರಸ್ತೆ ಪಕ್ಕದ ನಿಲುಗಡೆ ಜಾಗಗಳು ಬೇಕು. ಕೆಟ್ಟ ಗಾಡಿಯನ್ನ ಎಳೆದು ಅಲ್ಲಿಗೆ ಹಾಕಿದರೆ ರಸ್ತೆ ತೆರೆದಿರುತ್ತೆ. ನೇರ ಇರುವ ಒಂದೆರಡು ಜಾಗದಲ್ಲಿ ಮಾತ್ರ ನಿಜವಾದ ಕ್ಲೈಂಬಿಂಗ್ ಲೇನ್, ಅದೂ ಕಂಬದ ಮೇಲೆ, ಮಧ್ಯೆ ಬೇಲಿ. ಜೊತೆಗೆ ಮಾರನಹಳ್ಳಿಯಲ್ಲೊಂದು, ಗುಂಡ್ಯದಲ್ಲೊಂದು ಭಾರೀ ಕ್ರೇನ್ ರಾತ್ರಿ ಹೊತ್ತು ಕಾದು ನಿಂತಿರಬೇಕು. ಈಗ ಒಂದು ಬದಿಯಿಂದ ಮಾತ್ರ ಬರೋ ಕ್ರೇನ್ ಜಾಮ್ ಸೀಳಿಕೊಂಡು ಬರೋಷ್ಟರಲ್ಲಿ ಬೆಳಗಾಗುತ್ತೆ.

ತೋಟದವರೇ, ಇದಕ್ಕೆ ನಿಮ್ಮ ಒಪ್ಪಿಗೆ ಇದೆಯಾ?

ದೋಣಿಗಾಲ್_ತೋಟ
ಗುಡ್ಡ ಮುಟ್ಟಲ್ಲ ಅಂತ ಬರೆದು ಕೊಟ್ಟರೆ ಇದೆ. ‘ಮುಟ್ಟಲ್ಲ’ ಅಂದು ಜೆಸಿಬಿ ತಂದವರನ್ನೂ ನೋಡಿದೀವಿ. ಬೇ ಮಾಡುವಾಗ ಮೇಲಿಂದ ಬರೋ ನೀರಿನ ಚರಂಡಿ ಮುಚ್ಚಬಾರದು, ಅದನ್ನೂ ಸೇರಿಸಿ.

ಪುಣೆ_ಪಯಣಿಗ
ಕ್ರೇನ್ ಬೇಡಿಕೆಯನ್ನು ಮೊದಲ ಸಾಲಿಗೆ ತನ್ನಿ. ಅದಕ್ಕೆ ಯಾವ ಇಲಾಖೆಯ ಅನುಮತಿಯೂ ಬೇಕಿಲ್ಲ, ಮುಂದಿನ ವಾರವೇ ಆಗಬಹುದಾದದ್ದು ಅದೊಂದೇ.

ಗುಂಡ್ಯ_ಚಾಯ
ಬೇ ಮಾಡಿದ ಮರುದಿನ ಅಲ್ಲಿ ನನ್ನ ಚಾದಂಗಡಿ ಹಾಕುವ ಅಂತಿದ್ದೆ, ಹತ್ತು ಗಾಲಿಯಣ್ಣ ಮೊದಲೇ ಹೇಳಿಬಿಟ್ಟರು.

ಹತ್ತು_ಗಾಲಿ
ಹಾಕಿ, ಆದ್ರೆ ಕೆಟ್ಟ ಗಾಡಿ ಡ್ರೈವರ್‌ಗೆ ಬಿಟ್ಟಿ ಚಾ ಕೊಡ್ಬೇಕು.

ಇನ್ನೊಂದು ಸೇರಿಸಿ ಸಾರ್. ಗಾಡಿ ಕೆಟ್ಟಾಗ ಕ್ಲೀನರ್ ಓಡಿಹೋಗಿ ಹಿಂದಿನ ಚಕ್ರಕ್ಕೆ ದೊಡ್ಡ ಕಲ್ಲು ಕೊಡ್ತಾನೆ. ಗಾಡಿ ರೆಡಿಯಾದ ಮೇಲೆ ಕಲ್ಲು ಅಲ್ಲೇ ಬಿಟ್ಟು ಹೋಗ್ತಾರೆ, ನಿಂತು ಎತ್ತಿ ಹಾಕೋಕೆ ಹೋದ್ರೆ ಮತ್ತೆ ಏರಲ್ಲಿ ಗಾಡಿ ಎತ್ತಬೇಕಲ್ಲ. ರಾತ್ರಿ ಬೈಕಿನವರು ಅದಕ್ಕೇ ಗುದ್ದೋದು. ಪ್ರತಿ ಬೇನಲ್ಲೂ ಚಕ್ರಕ್ಕೆ ಕೊಡೋಕೆ ಮರದ ಎರಡು ದಿಮ್ಮಿ ಸರಪಳಿ ಹಾಕಿ ಕಟ್ಟಿಡಿ. ಕಾಡಿನ ಅನುಮತಿ ಅದಕ್ಕೂ ಬೇಕಾಗಲ್ಲ.

ಮಲ್ನಾಡ್_ಹಾದಿ
ಸೇರಿಸಿದೆ. ಗಾಡಿ ಹೆಚ್ಚಾಗಿ ಕೆಡೋ ಜಾಗಗಳ ಕಿಲೋಮೀಟರ್ ಕಲ್ಲಿನ ಸಂಖ್ಯೆ ಗೊತ್ತಿರೋರು ಇಲ್ಲೇ ಕೆಳಗೆ ಹಾಕಿ. ಮಳೆಗಾಲಕ್ಕೆ ಮೊದಲು ಹಾಸನ, ದಕ್ಷಿಣ ಕನ್ನಡ ಎರಡೂ ಜಿಲ್ಲಾಧಿಕಾರಿಗಳಿಗೆ ಒಂದೇ ಪತ್ರ ಕೊಡೋಣ. ಘಾಟಿ ಎರಡು ಜಿಲ್ಲೆಗೆ ಹಂಚಿಹೋಗಿದೆ, ಒಬ್ಬರಿಗೆ ಮಾತ್ರ ಕೊಟ್ಟರೆ ಇನ್ನೊಬ್ಬರ ಕಡೆ ತೋರಿಸ್ತಾರೆ.